ನಿಲುಗನ್ನಡಿಯ ಮುಂದಿನ ಮೇಣದಬತ್ತಿ: ‘ಮಿಡ್ಲ್‌ಮಾರ್ಚ್’ ಕಾದಂಬರಿಯಲ್ಲಿ ದಾಂಪತ್ಯ ಮತ್ತು ಆತ್ಮದರ್ಶನ

ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 13ನೆಯ ಅಧ್ಯಾಯವನ್ನು ಮದುವೆಯ ಬಲಿಪೂಜೆಗಳಲ್ಲಿ ನಾವು ಮತ್ತೆ ಮತ್ತೆ ಓದಿಸುತ್ತೇವೆ. ಪ್ರೀತಿಯ ತಾಳ್ಮೆ, ದಯೆ, ಸಹನೆಗಳನ್ನು ಕುರಿತು ಪ್ರಬೋಧನೆ ನೀಡುತ್ತೇವೆ. ಆದರೆ ಅದೇ ಅಧ್ಯಾಯದ ಕೊನೆಯಲ್ಲಿ ಬರುವ ಕನ್ನಡಿಯ ಮಾತಿನವರೆಗೆ ನಮ್ಮ ಪ್ರಬೋಧನೆ ತಲುಪುವುದು ವಿರಳ. ಈಗ ನಮಗಿರುವ ಅರಿವು ಕನ್ನಡಿಯಲ್ಲಿ ಕಂಡ ಮಸುಕು ಬಿಂಬದಂತಹದು. ಮುಖಾಮುಖಿಯಾಗಿ ಕಾಣುವ ಕಾಲ ಮುಂದಿದೆ. ದೇವರು ನಮ್ಮನ್ನು ಈಗಾಗಲೇ ಅರಿತಿರುವಷ್ಟು ಪೂರ್ಣವಾಗಿ ನಾವು ಅರಿಯುವುದು ಆಗಲೇ ಎಂಬುದು ಅಲ್ಲಿಯ ಸಾರ. ಪ್ರೀತಿಯನ್ನು ಕುರಿತ ಅಧ್ಯಾಯವೊಂದು ಕನ್ನಡಿಯ ಮಾತಿಗೆ ಏಕೆ ಬರಬೇಕು ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಂಡಿಲ್ಲ.

ಈ ಪ್ರಶ್ನೆಗೆ ದೀರ್ಘವಾದ ಉತ್ತರವೊಂದು ದೈವಶಾಸ್ತ್ರದ ಹೊರಗೆ, ಒಂದು ಕಾದಂಬರಿಯಲ್ಲಿ ಸಿಗುತ್ತದೆ. ಜಾರ್ಜ್ ಎಲಿಯಟ್ ಎಂಬ ಹೆಸರಿನಲ್ಲಿ ಬರೆದ ಮೇರಿ ಆನ್ ಇವಾನ್ಸ್ (1819–1880) ಅವರ ‘ಮಿಡ್ಲ್‌ಮಾರ್ಚ್’ 1871–72ರಲ್ಲಿ ಎಂಟು ಭಾಗಗಳಾಗಿ ಪ್ರಕಟವಾಯಿತು. 1829ರಿಂದ 1832ರವರೆಗಿನ ಇಂಗ್ಲೆಂಡಿನ ಒಂದು ಸಣ್ಣ ಪಟ್ಟಣ ಅದರ ಭೂಮಿಕೆ. ಮದುವೆಯಲ್ಲಿ ಮುಗಿಯುವ ಕಾದಂಬರಿಗಳು ಅನೇಕ. ಇದು ಮದುವೆಯ ನಂತರ ಏನಾಗುತ್ತದೆ ಎಂಬುದನ್ನೇ ಮುಖ್ಯವಾಗಿ ಹೇಳುತ್ತದೆ. ಆ ಕಥನದ ಮರ್ಮಸ್ಥಾನಗಳಲ್ಲಿ ಕನ್ನಡಿ ಇದೆ, ಅಥವಾ ಕನ್ನಡಿ ಇರಬೇಕಾದಲ್ಲಿ ಇಲ್ಲವಾಗಿದೆ.

ಇಂತಹ ಲೇಖಕಿಯ ಕೃತಿಗೆ ಗುರುಮಠದ ಪತ್ರಿಕೆಯಲ್ಲಿ ಏನು ಕೆಲಸ ಎಂದು ಓದುಗರು ಕೇಳಿದರೆ ಅದು ಅನುಚಿತವಲ್ಲ. ಎಲಿಯಟ್ ಯೌವನದಲ್ಲಿಯೇ ಕ್ರೈಸ್ತ ವಿಶ್ವಾಸದಿಂದ ದೂರ ಸರಿದರು. ಡೇವಿಡ್ ಸ್ಟ್ರೌಸ್ ಬರೆದ ಯೇಸುವಿನ ಚರಿತ್ರೆಯನ್ನು 1846ರಲ್ಲಿ, ಲುಡ್ವಿಗ್ ಫಾಯರ್‌ಬಾಖ್ ಬರೆದ ‘ಕ್ರೈಸ್ತಧರ್ಮದ ಸಾರ’ವನ್ನು 1854ರಲ್ಲಿ ಇಂಗ್ಲಿಷಿಗೆ ತಂದರು. ವಿವಾಹಿತನಾಗಿದ್ದ ಜಾರ್ಜ್ ಹೆನ್ರಿ ಲೂಯಿಸ್ ಜೊತೆ ಆತನ ಮರಣದವರೆಗೂ ಬಾಳಿದರು. ಆದರೆ ನಾವು ಅವರನ್ನು ಓದಬೇಕಾದ ಕಾರಣವೂ ಈ ಹಿನ್ನೆಲೆಯಲ್ಲಿಯೇ ಇದೆ. ಮನುಷ್ಯನು ದೇವರೆಂದು ಆರಾಧಿಸುವುದು ತನ್ನದೇ ಸ್ವರೂಪದ ಪ್ರತಿಬಿಂಬವನ್ನು ಎಂಬುದು ಫಾಯರ್‌ಬಾಖನ ವಾದ. ಅದನ್ನು ಪುಟಪುಟವಾಗಿ ಅನುವಾದಿಸಿದ ಲೇಖಕಿ, ಮುಂದೆ ತಮ್ಮ ಕಾದಂಬರಿಯಲ್ಲಿ ಆ ಸಂಶಯವನ್ನು ದಾಂಪತ್ಯಕ್ಕೆ ಅನ್ವಯಿಸಿದರು. ಮನುಷ್ಯನು ಪತಿಯೆಂದೋ ಪತ್ನಿಯೆಂದೋ ಪ್ರೀತಿಸುವುದು ಯಾರನ್ನು? ಎದುರಿಗಿರುವ ವ್ಯಕ್ತಿಯನ್ನೋ, ಆ ವ್ಯಕ್ತಿಯ ಮೇಲೆ ಬಿದ್ದ ತನ್ನ ನೆರಳನ್ನೋ? ವಿವಾಹ ಸಿದ್ಧತಾ ಶಿಬಿರಗಳನ್ನು ನಡೆಸುವ ನಾವು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗದು.

ಮೂರು ಬಿಂಬಗಳು

ಕಾದಂಬರಿಯ 12ನೆಯ ಅಧ್ಯಾಯದಲ್ಲಿ ಇಬ್ಬರು ತರುಣಿಯರು ಒಂದೇ ಕನ್ನಡಿಯ ಮುಂದಿದ್ದಾರೆ. ಒಬ್ಬಳು ಮೇಯರನ ಮಗಳು, ಊರಿಗೇ ಸುಂದರಿಯೆನಿಸಿದ ರೋಸಮಂಡ್ ವಿನ್ಸಿ. ಇನ್ನೊಬ್ಬಳು ಕಾಯಿಲೆಯ ಮುದುಕನೊಬ್ಬನ ಶುಶ್ರೂಷೆಯಲ್ಲಿರುವ, ಸಾಧಾರಣ ರೂಪಿನ ಮೇರಿ ಗಾರ್ತ್. ಕನ್ನಡಿಯ ಒಳಗಿನ ರೋಸಮಂಡ್ ಮತ್ತು ಹೊರಗಿನ ರೋಸಮಂಡ್ ಪರಸ್ಪರ ಮೆಚ್ಚಿಕೊಂಡು ನೋಡುತ್ತಿರುವಾಗ, ಇವರಿಬ್ಬರ ನಡುವೆ ಮೇರಿ ಇನ್ನಷ್ಟು ಸಪ್ಪೆಯಾಗಿ ಕಾಣುತ್ತಾಳೆ. ಮೇರಿ ತನ್ನ ಕಂದು ಬಣ್ಣವನ್ನು ತಾನೇ ಗೇಲಿ ಮಾಡಿಕೊಳ್ಳುತ್ತಾಳೆ. ರೋಸಮಂಡ್ ಆಕೆಯನ್ನು ಸಮಾಧಾನಪಡಿಸಲು ರೂಪದಲ್ಲಿ ಏನಿದೆ ಎಂಬರ್ಥದ ಮಾತನಾಡುತ್ತಾಳೆ. ತಲೆ ಮೇರಿಯ ಕಡೆ ತಿರುಗಿದ್ದರೂ ಕಣ್ಣು ಮಾತ್ರ ಕನ್ನಡಿಯಲ್ಲಿ ಹೊಸದಾಗಿ ಕಂಡ ತನ್ನ ಕತ್ತಿನ ಬಾಗಿನ ಮೇಲಿರುತ್ತದೆ. ಎಲಿಯಟ್ ಇಲ್ಲಿ ಯಾರನ್ನೂ ಖಂಡಿಸುವುದಿಲ್ಲ. ಒಂದೇ ಗಾಜಿನ ಮುಂದೆ ಒಬ್ಬಳು ತನ್ನನ್ನು ನೋಡಿ ನಗಬಲ್ಲಳು, ಇನ್ನೊಬ್ಬಳು ತನ್ನಿಂದ ಕಣ್ಣು ಕೀಳಲಾರಳು ಎಂಬಷ್ಟನ್ನು ತೋರಿಸಿ ಸುಮ್ಮನಾಗುತ್ತಾರೆ. ಮುಂದೆ ಇವರಿಬ್ಬರ ದಾಂಪತ್ಯಗಳು ಹಿಡಿಯುವ ದಾರಿಯ ಸೂಚನೆ ಆ ವ್ಯತ್ಯಾಸದಲ್ಲಿದೆ.

ಎರಡನೆಯ ಬಿಂಬ ಗಾಜಿನದಲ್ಲ. ಇನ್ನೂ ಇಪ್ಪತ್ತು ತುಂಬದ ಡೊರೊಥಿಯಾ ಬ್ರೂಕ್, ನಲವತ್ತೈದು ದಾಟಿದ ವಿದ್ವಾಂಸ ಯಾಜಕ ಎಡ್ವರ್ಡ್ ಕಸಾಬನನನ್ನು ಮದುವೆಯಾಗಲು ಬಯಸುತ್ತಾಳೆ. ಆಕೆ ಡಂಭದವಳಲ್ಲ, ಒಡವೆಯ ಮೋಹವನ್ನು ಸಂಶಯದಿಂದ ಕಾಣುವವಳು, ಜಗತ್ತಿಗೆ ಒಳಿತು ಮಾಡಬೇಕೆಂಬ ಹಂಬಲದವಳು. ಆದರೆ 3ನೆಯ ಅಧ್ಯಾಯದ ಆರಂಭದಲ್ಲಿಯೇ ಎಲಿಯಟ್ ಒಂದು ಮಾತನ್ನು ಸೇರಿಸುತ್ತಾರೆ: ಕಸಾಬನನ ಮನಸ್ಸೆಂಬ ಆಳ ತಿಳಿಯದ ಜಲಾಶಯದಲ್ಲಿ ಆಕೆ ಕಂಡದ್ದೆಲ್ಲ ತಾನೇ ಹೊತ್ತು ತಂದ ಗುಣಗಳ ಪ್ರತಿಬಿಂಬ. ಕನ್ನಡಿಯೊಳಗಿನ ಗಂಟು ಎಂಬ ನಮ್ಮ ನುಡಿಗಟ್ಟು ಇದಕ್ಕೆ ಸರಿಹೊಂದುತ್ತದೆ. ಗಂಟು ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಏಕೆಂದರೆ ಅದು ಅಲ್ಲಿಲ್ಲ, ನೋಡುವವರ ಬೆನ್ನ ಮೇಲೆಯೇ ಇದೆ. ರೋಸಮಂಡಳ ಕನ್ನಡಿಯನ್ನು ಗುರುತಿಸುವುದು ಸುಲಭ, ಡೊರೊಥಿಯಾಳದು ಕಷ್ಟ. ಸ್ವಾರ್ಥ ಸೌಂದರ್ಯದ ವೇಷದಲ್ಲಿ ಬಂದರೆ ನಮಗೆ ಕಾಣಿಸುತ್ತದೆ. ಆದರ್ಶದ ವೇಷದಲ್ಲಿ ಬಂದರೆ ಕಾಣಿಸುವುದಿಲ್ಲ. ದೈವಕರೆಯ ವೇಷದಲ್ಲಿ ಬಂದರೆ ನಾವು ಅದನ್ನು ಅಭಿನಂದಿಸುವುದೂ ಉಂಟು.

ಮೂರನೆಯದು ಪ್ರಸಿದ್ಧವಾದ ನಿಲುಗನ್ನಡಿಯ ದೃಷ್ಟಾಂತ. 27ನೆಯ ಅಧ್ಯಾಯ ಅದರಿಂದ ಆರಂಭವಾಗುತ್ತದೆ. ಮನೆಗೆಲಸದಾಕೆ ಉಜ್ಜಿ ಹೊಳಪಿಟ್ಟ ಕನ್ನಡಿ ಅಥವಾ ಉಕ್ಕಿನ ಹಲಗೆಯ ಮೇಲೆ ಲೆಕ್ಕವಿಲ್ಲದಷ್ಟು ಸಣ್ಣ ಗೀರುಗಳು ಎಲ್ಲ ದಿಕ್ಕಿಗೂ ಹರಡಿರುತ್ತವೆ. ಅದರ ಎದುರು ಮೇಣದಬತ್ತಿಯೊಂದನ್ನು ಹಿಡಿದರೆ, ಗೀರುಗಳೆಲ್ಲ ಆ ಜ್ವಾಲೆಯನ್ನು ಕೇಂದ್ರವಾಗಿಸಿಕೊಂಡು ವೃತ್ತ ವೃತ್ತವಾಗಿ ನಿಂತಂತೆ ತೋರುತ್ತವೆ. ಗೀರುಗಳು ಲೋಕದ ಘಟನೆಗಳು. ಮೇಣದಬತ್ತಿ ಯಾವನೇ ಮನುಷ್ಯನ ‘ನಾನು’. ಉದಾಹರಣೆಗೆ ಎಲಿಯಟ್ ರೋಸಮಂಡಳನ್ನು ತೋರಿಸುತ್ತಾರೆ. ಅಣ್ಣ ಫ್ರೆಡ್ ಜ್ವರದಿಂದ ಮಲಗಿದ್ದು, ಮನೆಯ ವೈದ್ಯ ರೋಗವನ್ನು ತಪ್ಪಾಗಿ ಗುರುತಿಸಿದ್ದು, ತರುಣ ವೈದ್ಯ ಲಿಡ್‌ಗೇಟ್‌ನನ್ನು ಕರೆಸಬೇಕಾಗಿ ಬಂದದ್ದು, ಎಲ್ಲವೂ ತನ್ನನ್ನೂ ಲಿಡ್‌ಗೇಟ್‌ನನ್ನೂ ಹತ್ತಿರ ತರಲೆಂದು ದೈವವೇ ಹೂಡಿದ ಏರ್ಪಾಡೆಂಬಂತೆ ಆಕೆಗೆ ಕಾಣುತ್ತದೆ.

ದೃಷ್ಟಾಂತದ ದೈವಶಾಸ್ತ್ರ

ಈ ದೃಷ್ಟಾಂತವನ್ನು ರೋಸಮಂಡಳ ಸ್ವಾರ್ಥದ ಮೇಲಿನ ವ್ಯಂಗ್ಯವೆಂದು ಮಾತ್ರ ಓದುವ ವಾಡಿಕೆ ಇದೆ. ಆ ಓದು ಸಾಲದೆಂದು ನಮಗೆ ತೋರುತ್ತದೆ. ಮೂರು ಸಂಗತಿಗಳನ್ನು ಗಮನಿಸಬೇಕು.

ಮೊದಲನೆಯದಾಗಿ, ಇಲ್ಲಿ ಕನ್ನಡಿ ಸುಳ್ಳು ಹೇಳುತ್ತಿಲ್ಲ. ಗೀರುಗಳು ನಿಜ, ಬೆಳಕೂ ನಿಜ, ಸುಳ್ಳಿರುವುದು ಜೋಡಣೆಯಲ್ಲಿ. ದಂಪತಿಗಳು ನಮ್ಮ ಮುಂದೆ ಕುಳಿತು ತಮ್ಮ ಜಗಳವನ್ನು ಹೇಳಿಕೊಳ್ಳುವಾಗ ಇಬ್ಬರೂ ಹೇಳುವ ಘಟನೆಗಳು ಬಹಳಷ್ಟು ಬಾರಿ ಒಂದೇ ಆಗಿರುತ್ತವೆ. ವೃತ್ತಗಳ ಕೇಂದ್ರ ಮಾತ್ರ ಬೇರೆ ಬೇರೆ. ಯಾರು ಸುಳ್ಳು ಹೇಳುತ್ತಿದ್ದಾರೆಂದು ಹುಡುಕುವ ಯಾಜಕನು ಆರಂಭದಲ್ಲಿಯೇ ದಾರಿ ತಪ್ಪಿರುತ್ತಾನೆ.

ಎರಡನೆಯದಾಗಿ, ಗೀರುಗಳು ಉಂಟಾಗುವುದು ಉಜ್ಜುವುದರಿಂದಲೇ. ಬಿಂಬ ಸರಿಯಿಲ್ಲವೆಂದು ಕನ್ನಡಿಯನ್ನು ಇನ್ನಷ್ಟು ಉಜ್ಜಿದರೆ ಗೀರುಗಳು ಹೆಚ್ಚುತ್ತವೆ, ವೃತ್ತಗಳು ಇನ್ನಷ್ಟು ಒತ್ತಾಗುತ್ತವೆ. ಇದನ್ನು ನಾವು ಆತ್ಮಶೋಧನೆಯ ಅಭ್ಯಾಸಕ್ಕೆ ಅನ್ವಯಿಸಿಕೊಳ್ಳಬಹುದು. ದೇವರ ಮುಂದೆ ನಿಲ್ಲದ ಆತ್ಮಶೋಧನೆ ತನ್ನನ್ನೇ ಸುತ್ತುವ ಕೆಲಸವಾಗುತ್ತದೆ; ಪಾಪದ ಪಟ್ಟಿ ಉದ್ದವಾದರೂ ಮೇಣದಬತ್ತಿ ಇದ್ದಲ್ಲಿಯೇ ಇರುತ್ತದೆ. ಸಂತ ಯಕೋಬರು ಕನ್ನಡಿ ನೋಡಿ ಮರೆಯುವವನನ್ನು ಎಚ್ಚರಿಸುವಾಗ ಅದಕ್ಕೆ ಪರಿಹಾರವಾಗಿ ಸೂಚಿಸುವುದು ಕನ್ನಡಿಯನ್ನು ಇನ್ನೂ ಹೆಚ್ಚು ಹೊತ್ತು ನೋಡುವುದನ್ನಲ್ಲ. ಬಿಡುಗಡೆ ನೀಡುವ ನಿಯಮವನ್ನು ದಿಟ್ಟಿಸಿ, ಅದರಂತೆ ನಡೆಯುವುದನ್ನು.

ಮೂರನೆಯದಾಗಿ, ರೋಸಮಂಡಳ ‘ದೈವ’ ಫಾಯರ್‌ಬಾಖನ ದೇವರೇ. ತನಗೆ ಬೇಕಾದುದನ್ನು ನಡೆಸಿಕೊಡಲೆಂದೇ ಇರುವ, ತನ್ನ ಬಯಕೆಯ ಬಿಂಬವಾದ ದೇವರು. ಅದೇ ದೇವರನ್ನು ಇನ್ನಷ್ಟು ಭಕ್ತಿಯ ಭಾಷೆಯಲ್ಲಿ ಕರೆಯುವವನು ಕಾದಂಬರಿಯ ಬ್ಯಾಂಕ್ ಮಾಲೀಕ ಬುಲ್‌ಸ್ಟ್ರೋಡ್. ತನ್ನ ಸಂಪತ್ತಿನ ಹಿಂದಿನ ಅನ್ಯಾಯವನ್ನು ದೈವಚಿತ್ತದ ಹೆಸರಿನಲ್ಲಿ ಆತ ವರ್ಷಗಟ್ಟಲೆ ಸಮರ್ಥಿಸಿಕೊಂಡು ಬಂದಿದ್ದಾನೆ. ಇಲ್ಲಿ ನಾವು ಲೇಖಕಿಯೊಡನೆ ವಾದಕ್ಕಿಳಿಯಬೇಕಾಗಿಲ್ಲ; ಪ್ರವಾದಿಗಳು ವಿಗ್ರಹಗಳ ಬಗ್ಗೆ ಹೇಳಿದ್ದನ್ನೇ ಆಕೆ ಹೇಳುತ್ತಿದ್ದಾರೆ. ಸಂಬಂಧ ಕುದುರಿದಾಗ ದೇವರ ಚಿತ್ತ, ಮುರಿದಾಗ ಸೈತಾನನ ಕೆಲಸ ಎಂದು ಸಲೀಸಾಗಿ ಹೇಳುವ ನಾವು, ಆ ಮಾತುಗಳಲ್ಲಿ ಎಷ್ಟು ವಿಶ್ವಾಸವಿದೆ, ಎಷ್ಟು ಮೇಣದಬತ್ತಿಯ ಬೆಳಕಿದೆ ಎಂದು ಪರೀಕ್ಷಿಸಿಕೊಳ್ಳಬೇಕು. ಫಾಯರ್‌ಬಾಖನ ಟೀಕೆ ಜೀವಂತ ದೇವರನ್ನು ಮುಟ್ಟಲಾರದು. ಆದರೆ ನಮ್ಮ ಪ್ರಾರ್ಥನೆಗಳಲ್ಲಿ ಅದು ಮುಟ್ಟುವ ಭಾಗ ಸಣ್ಣದೇನಲ್ಲ.

ಗ್ರಂಥಾಲಯದ ಯಾಜಕ

ಕಸಾಬನನ ಪಾತ್ರವನ್ನು ಗುರುಮಠದ ವಿದ್ಯಾರ್ಥಿಗಳು ನಗುನಗುತ್ತಾ ಓದುತ್ತಾರೆ. ಅವರಿಗೆ ಪಾಠ ಹೇಳುವ ನಮಗೆ ಆ ನಗು ಅಷ್ಟು ಸುಲಭವಾಗಿ ಬರುವುದಿಲ್ಲ. ಆತ ಆಂಗ್ಲಿಕನ್ ಧರ್ಮಸಭೆಯ ಯಾಜಕ. ಊರಿನ ಜನರ ಸ್ಥಿತಿಗತಿಯ ಬಗ್ಗೆ ಡೊರೊಥಿಯಾ ಪ್ರಶ್ನೆ ಕೇಳಿದಾಗ ಉತ್ತರ ಕೊಡಬಲ್ಲವನು ಆತನ ಸಹಾಯಕ ಯಾಜಕನೇ ಹೊರತು ಆತನಲ್ಲ. ಆತನ ಬದುಕೆಲ್ಲ ಸಮಸ್ತ ಪುರಾಣಗಳಿಗೂ ಒಂದೇ ಕೀಲಿಕೈ ಒದಗಿಸುವ ಗ್ರಂಥದ ಸಿದ್ಧತೆಯಲ್ಲಿ ಕಳೆದಿದೆ. ಆ ವಿಷಯದಲ್ಲಿ ಮುಖ್ಯ ಕೆಲಸವೆಲ್ಲ ಜರ್ಮನ್ ಭಾಷೆಯಲ್ಲಿ ನಡೆದಿದ್ದು, ಆತನಿಗೆ ಆ ಭಾಷೆ ಬಾರದು. ಟಿಪ್ಪಣಿಗಳು ರಾಶಿಯಾಗುತ್ತವೆ, ಗ್ರಂಥ ಹುಟ್ಟುವುದಿಲ್ಲ.

ಆತನಿಗೆ ಪತ್ನಿ ಬೇಕಾಗಿದ್ದದ್ದೂ ಕನ್ನಡಿಯಾಗಿಯೇ: ತನ್ನ ಪಾಂಡಿತ್ಯವನ್ನು ಮೆಚ್ಚುಗೆಯಿಂದ ಪ್ರತಿಫಲಿಸುವ ಒಂದು ಎಳೆಯ ಮುಖ. ಮದುವೆಯಾದ ಕೆಲವೇ ವಾರಗಳಲ್ಲಿ, ರೋಮ್ ನಗರದಲ್ಲಿ, ಡೊರೊಥಿಯಾ ಪ್ರೀತಿಯಿಂದಲೇ, ಬರೆಯಲು ಎಂದು ಆರಂಭಿಸುವಿರಿ ಎಂದು ಕೇಳಿದಾಗ ಆತನಿಗೆ ಸಿಟ್ಟು ಬರುತ್ತದೆ. ಒಳಗೊಳಗೇ ತನ್ನನ್ನು ಚುಚ್ಚುತ್ತಿದ್ದ ಪ್ರಶ್ನೆ ಹೊರಗಿನಿಂದ, ಪತ್ನಿಯ ಬಾಯಲ್ಲಿ ಕೇಳಿಬಂದಿದೆ. ಇಬ್ಬರೂ ಪರಸ್ಪರರಲ್ಲಿ ತಮ್ಮ ಬಿಂಬವನ್ನು ಅರಸಿದ್ದರು. ಎರಡು ಕನ್ನಡಿಗಳನ್ನು ಎದುರುಬದುರು ಇಟ್ಟಂತಾಯಿತು. ಅಲ್ಲಿ ಕೊನೆಯಿಲ್ಲದ ಓಣಿಯೊಂದು ಕಾಣುತ್ತದೆ, ಮನುಷ್ಯರು ಕಾಣುವುದಿಲ್ಲ.

ಇಷ್ಟಾದ ಮೇಲೆ ಎಲಿಯಟ್ ಮಾಡುವ ಕೆಲಸ ಗಮನಾರ್ಹ. 29ನೆಯ ಅಧ್ಯಾಯವನ್ನು ಡೊರೊಥಿಯಾಳ ಕಡೆಯಿಂದ ಆರಂಭಿಸಿ, ಒಂದು ವಾಕ್ಯ ಮುಗಿಯುವ ಮೊದಲೇ ತಡೆದು, ಯಾವಾಗಲೂ ಈಕೆಯ ಕಡೆಯಿಂದಲೇ ಏಕೆ ಎಂದು ಲೇಖಕಿ ತಮ್ಮನ್ನೇ ಪ್ರಶ್ನಿಸಿಕೊಳ್ಳುತ್ತಾರೆ. ಮುಂದಿನ ಪುಟಗಳಲ್ಲಿ ಕಸಾಬನನ ಒಳಗನ್ನು ತೆರೆದು, ಅಲ್ಲಿ ಹಸಿದು ನಡುಗುತ್ತಿರುವ ಒಂದು ಪುಟ್ಟ ಜೀವವನ್ನು ತೋರಿಸುತ್ತಾರೆ. ಮೇಣದಬತ್ತಿಯನ್ನು ಕೈಯಲ್ಲಿ ಹಿಡಿದು ಆ ಕಡೆಗೆ ಸರಿಸಿದ್ದಾರೆ. ಗೀರುಗಳು ಅವೇ, ವೃತ್ತಗಳು ಬದಲಾಗುತ್ತವೆ. ಕಥನಕಲೆಯ ಈ ಒಂದು ನಡೆಯಲ್ಲಿ ಪಾಲನಾ ಸೇವೆಯ ದೊಡ್ಡ ಪಾಠವಿದೆ.

ಕನ್ನಡಿಯಿಂದ ಮುಖಕ್ಕೆ

ಹಾಗಾದರೆ ಆತ್ಮದರ್ಶನ ಎಲ್ಲಿ ಆಗುತ್ತದೆ? ಅಂಗೈ ಹುಣ್ಣಿಗೆ ಕನ್ನಡಿ ಬೇಡವೆನ್ನುತ್ತಾರೆ ನಮ್ಮ ಹಿರಿಯರು. ಆದರೆ ದಾಂಪತ್ಯದ ಹುಣ್ಣು ಅಂಗೈಯಲ್ಲಿರುವುದಿಲ್ಲ, ಬೆನ್ನಿನಲ್ಲಿರುತ್ತದೆ; ಅದನ್ನು ಇನ್ನೊಬ್ಬರ ಕಣ್ಣೇ ಕಾಣಬೇಕು. ‘ಮಿಡ್ಲ್‌ಮಾರ್ಚ್’ನ ಉತ್ತರವೂ ಇದೇ ದಿಕ್ಕಿನದು. ಮೂರು ದೃಶ್ಯಗಳನ್ನು ನೋಡೋಣ.

42ನೆಯ ಅಧ್ಯಾಯದಲ್ಲಿ ಕಸಾಬನನಿಗೆ ತನ್ನ ಹೃದಯದ ಕಾಯಿಲೆಯ ಸಂಗತಿ ತಿಳಿಯುತ್ತದೆ. ತೋಟದಲ್ಲಿ ಡೊರೊಥಿಯಾ ಆತನ ತೋಳಿನಲ್ಲಿ ತೋಳು ಸೇರಿಸಿದಾಗ ಆತ ಕೈಗಳನ್ನು ಹಿಂದೆ ಕಟ್ಟಿಕೊಂಡು ಮರದಂತೆ ನಿಲ್ಲುತ್ತಾನೆ. ಆಕೆ ಕೋಪದಿಂದ ಕೋಣೆ ಸೇರುತ್ತಾಳೆ, ಊಟಕ್ಕೂ ಕೆಳಗಿಳಿಯುವುದಿಲ್ಲ. ರಾತ್ರಿ ಆ ಕೋಪದೊಡನೆ ಬಹಳ ಹೊತ್ತು ಹೋರಾಡಿ, ಹೊರಗೆ ಬಂದು ಮೆಟ್ಟಿಲ ಮೇಲೆ ಕತ್ತಲೆಯಲ್ಲಿ ಕಾಯುತ್ತಾಳೆ. ಗಂಡ ದೀಪ ಹಿಡಿದು ಮೇಲೆ ಬರುತ್ತಾನೆ. ಆ ಬೆಳಕಿನಲ್ಲಿ ಆತನ ಮುಖ ಹಿಂದೆಂದಿಗಿಂತ ಬಳಲಿದ್ದು ಆಕೆಗೆ ಕಾಣುತ್ತದೆ. ಆತ ಮೆಲ್ಲನೆ ಮಾತನಾಡುತ್ತಾನೆ. ಆಕೆ ಕೈ ನೀಡುತ್ತಾಳೆ. ಇಬ್ಬರೂ ಜೊತೆಯಾಗಿ ನಡೆದುಹೋಗುತ್ತಾರೆ. 27ನೆಯ ಅಧ್ಯಾಯದ ದೀಪ ಕನ್ನಡಿಯ ಮೇಲೆ ಬಿದ್ದು ತನ್ನ ಸುತ್ತಲೇ ವೃತ್ತ ಕಟ್ಟಿತ್ತು. ಈ ದೀಪ ಇನ್ನೊಬ್ಬರ ಮುಖದ ಮೇಲೆ ಬಿದ್ದಿದೆ. ಎರಡರ ಸಂಬಂಧವನ್ನು ಎಲಿಯಟ್ ಎಲ್ಲಿಯೂ ಎತ್ತಿ ಹೇಳುವುದಿಲ್ಲ. ಆದರೂ ಇವೆರಡನ್ನು ಒಟ್ಟಿಗೆ ಓದಿದಾಗ ಕಾದಂಬರಿಯ ಚಲನೆ ನಮಗೆ ಸ್ಪಷ್ಟವಾಗುತ್ತದೆ.

ಎರಡನೆಯ ದೃಶ್ಯ 80ನೆಯ ಅಧ್ಯಾಯದ್ದು. ಕಸಾಬನ್ ತೀರಿಕೊಂಡಿದ್ದಾನೆ. ಡೊರೊಥಿಯಾ ಪ್ರೀತಿಸುತ್ತಿರುವ ವಿಲ್ ಲ್ಯಾಡಿಸ್ಲಾ ರೋಸಮಂಡಳ ಜೊತೆ ಆಪ್ತವಾಗಿ ಕುಳಿತಿದ್ದುದನ್ನು ಕಂಡು ಆಕೆ ಒಂದು ರಾತ್ರಿಯೆಲ್ಲ ನೆಲದ ಮೇಲೆ ಬಿದ್ದು ಅತ್ತಿದ್ದಾಳೆ. ಬೆಳಗಾದಾಗ ಕಿಟಕಿಯ ಪರದೆ ಸರಿಸಿ ನೋಡುತ್ತಾಳೆ: ರಸ್ತೆಯಲ್ಲಿ ಬೆನ್ನ ಮೇಲೆ ಗಂಟು ಹೊತ್ತ ಒಬ್ಬ ಗಂಡಸು, ಮಗುವನ್ನೆತ್ತಿಕೊಂಡ ಒಬ್ಬ ಹೆಂಗಸು ನಡೆದುಹೋಗುತ್ತಿದ್ದಾರೆ. ಕನ್ನಡಿಯೊಳಗಿನ ಗಂಟಿನಿಂದ ಆರಂಭವಾದ ಆಕೆಯ ಪಯಣ, ನಿಜವಾದ ಬೆನ್ನಿನ ಮೇಲಿನ ನಿಜವಾದ ಗಂಟಿನವರೆಗೆ ಬಂದಿದೆ. ಆ ಲೋಕದಲ್ಲಿ ತಾನೂ ಒಬ್ಬಳು, ಸುಖದ ಗೂಡಿನಿಂದ ನೋಡುತ್ತ ಕೂರುವ ಪ್ರೇಕ್ಷಕಳಲ್ಲ ಎಂದು ಆಕೆಗೆ ಅರಿವಾಗುತ್ತದೆ. ಆಕೆ ಎದ್ದು ಹೋಗುವುದು ತನಗೆ ನೋವು ತಂದ ರೋಸಮಂಡಳ ಬಳಿಗೇ, ಆಕೆಯ ಮುರಿಯುತ್ತಿರುವ ದಾಂಪತ್ಯಕ್ಕೆ ನೆರವಾಗಲು.

ಮೂರನೆಯ ದೃಶ್ಯ ಇದಕ್ಕಿಂತ ಸ್ವಲ್ಪ ಮೊದಲಿನದು, 74ನೆಯ ಅಧ್ಯಾಯದ ಕೊನೆ. ನಮ್ಮ ದೃಷ್ಟಿಯಲ್ಲಿ ಕಾದಂಬರಿಯ ಶಿಖರ ಅದೇ. ಬುಲ್‌ಸ್ಟ್ರೋಡನ ಹಳೆಯ ಅಪರಾಧ ಊರಿಗೆಲ್ಲ ತಿಳಿದಿದೆ. ಪತ್ನಿ ಹ್ಯಾರಿಯೆಟ್‌ಗೆ ಅದು ಕೊನೆಯಲ್ಲಿ ತಿಳಿಯುತ್ತದೆ. ಆಕೆ ವಿಚಾರವಂತೆಯೇನಲ್ಲ, ಒಳ್ಳೆಯ ಉಡುಪು, ಒಳ್ಳೆಯ ಹೆಸರು ಇವುಗಳನ್ನು ಇಷ್ಟಪಡುವ ಸಾಮಾನ್ಯ ಗೃಹಿಣಿ. ಕೋಣೆಯ ಬಾಗಿಲು ಹಾಕಿಕೊಂಡು ಅಳುತ್ತಾಳೆ. ಆಮೇಲೆ ಒಡವೆಗಳನ್ನೆಲ್ಲ ಕಳಚಿಟ್ಟು, ಸಾದಾ ಕಪ್ಪು ಉಡುಪು ಧರಿಸಿ, ಅಲಂಕಾರದ ಕೂದಲನ್ನು ನೆಟ್ಟಗೆ ಬಾಚಿ, ಸರಳವಾದ ಟೋಪಿ ತೊಡುತ್ತಾಳೆ. ಇದ್ದಕ್ಕಿದ್ದಂತೆ ಹಿಂದಿನ ಕಾಲದ ಮೆಥಡಿಸ್ಟ್ ಭಕ್ತೆಯಂತೆ ಕಾಣುತ್ತಾಳೆ. ಹೀಗೆ ತಲೆಯಿಂದ ಕಾಲಿನವರೆಗೆ ಉಡುಪು ಬದಲಿಸುವ ಈ ದೃಶ್ಯದಲ್ಲಿ ಕನ್ನಡಿಯ ಮಾತೇ ಬರುವುದಿಲ್ಲ. ಆಕೆಗೆ ಈಗ ಅದು ಬೇಡ. ತಾನು ಹೇಗೆ ಕಾಣುತ್ತೇನೆ ಎಂಬುದಕ್ಕಲ್ಲ ಈ ವೇಷ. ಅವಮಾನವನ್ನು ಗಂಡನೊಡನೆ ಹಂಚಿಕೊಳ್ಳುತ್ತೇನೆಂಬ ಸಮ್ಮತಿ ಇದು. ಕೆಳಗಿಳಿದು ಬಂದಾಗ ಆತ ತಲೆ ತಗ್ಗಿಸಿ ಕುಳಿತಿದ್ದಾನೆ. ಆಕೆ ಆತನ ಕೈಯ ಮೇಲೊಂದು, ಭುಜದ ಮೇಲೊಂದು ಕೈಯಿಟ್ಟು, ಹೆಸರು ಹಿಡಿದು ಕರೆದು, ತಲೆಯೆತ್ತಿ ನೋಡುವಂತೆ ಹೇಳುತ್ತಾಳೆ. ಆತ ನೋಡುತ್ತಾನೆ. ಇಬ್ಬರೂ ಅಳುತ್ತಾರೆ. ತಪ್ಪೊಪ್ಪಿಗೆಯೂ ಮೌನ, ಜೊತೆಗಿರುವೆನೆಂಬ ವಚನವೂ ಮೌನ.

ವಿವಾಹ ಸಮ್ಮತಿಯೆಂದರೆ ಗಂಡುಹೆಣ್ಣು ಪರಸ್ಪರರನ್ನು ಕೊಡುವ ಮತ್ತು ಸ್ವೀಕರಿಸುವ ಸಂಕಲ್ಪ ಎಂದು ಧರ್ಮಸಭೆಯ ಕಾನೂನು ಸಂಹಿತೆಯ 1057ನೆಯ ನಿಯಮ ತಿಳಿಸುತ್ತದೆ. ಅಲ್ಲಿ ಕೊಡುವುದೂ ಸ್ವೀಕರಿಸುವುದೂ ವ್ಯಕ್ತಿಯನ್ನು, ವ್ಯಕ್ತಿಯ ಬಿಂಬವನ್ನಲ್ಲ. ಮದುವೆಯ ದಿನ ಹ್ಯಾರಿಯೆಟ್ ಸ್ವೀಕರಿಸಿದ್ದು ಗೌರವಸ್ಥನೊಬ್ಬನ ಬಿಂಬವನ್ನು; ಈ ಸಂಜೆ ಸ್ವೀಕರಿಸಿದ್ದು ಒಬ್ಬ ಪಾಪಿಯಾದ ಮನುಷ್ಯನನ್ನು. ಮದುವೆಯ ದಿನದ ಮಾತಿನ ಅರ್ಥ ತುಂಬಿ ಬಂದದ್ದು ವರ್ಷಗಳ ನಂತರ, ಈ ಬೈಠಕ್ ಕೋಣೆಯಲ್ಲಿ. ಮನುಷ್ಯನು ತನ್ನನ್ನು ನಿಷ್ಕಪಟವಾಗಿ ಧಾರೆಯೆರೆದಲ್ಲದೆ ತನ್ನನ್ನು ಪೂರ್ಣವಾಗಿ ಕಂಡುಕೊಳ್ಳಲಾರನೆಂದು ಎರಡನೇ ವ್ಯಾಟಿಕನ್ ಮಹಾಸಭೆ ಆಧುನಿಕ ಜಗತ್ತಿನಲ್ಲಿ ಧರ್ಮಸಭೆಯನ್ನು ಕುರಿತ ಸಂವಿಧಾನದ 24ನೆಯ ಪರಿಚ್ಛೇದದಲ್ಲಿ ಬೋಧಿಸುತ್ತದೆ. ಆತ್ಮದರ್ಶನಕ್ಕೆ ಕನ್ನಡಿಯಲ್ಲದ ದಾರಿ ಇದು. ಪೋಪ್ ಫ್ರಾನ್ಸಿಸರು 2016ರ ‘ಅಮೋರಿಸ್ ಲೆತಿತ್ಸಿಯಾ’ದಲ್ಲಿ, ದಂಪತಿಗಳು ಪರಸ್ಪರರನ್ನು ನೋಡುವುದನ್ನೇ ಬಿಟ್ಟಾಗ ಮನೆಗಳಲ್ಲಿ ಉಂಟಾಗುವ ಗಾಯಗಳ ಬಗ್ಗೆ ಬರೆದದ್ದೂ ಇದೇ ಅರ್ಥದಲ್ಲಿ.

ಲೇಖಕಿಯ ಕೈಯ ಮೇಣದಬತ್ತಿ

ಇಷ್ಟು ಮೆಚ್ಚಿಕೊಂಡ ಮೇಲೆ ಎರಡು ಕೊರತೆಗಳನ್ನು ಹೇಳದಿದ್ದರೆ ವಿಮರ್ಶೆ ಅಪೂರ್ಣವಾಗುತ್ತದೆ.

ಮೊದಲನೆಯದು ಕೃತಿಯ ನೀತಿಗೆ ಸಂಬ��ಧಿಸಿದ್ದು. ಯಾವಾಗಲೂ ಡೊರೊಥಿಯಾಳೇ ಏಕೆ ಎಂದು ಕೇಳಿಕೊಂಡ ಲೇಖಕಿ, ರೋಸಮಂಡಳ ವಿಷಯದಲ್ಲಿ ಆ ಪ್ರಶ್ನೆಯನ್ನು ಅಷ್ಟೇ ಧಾರಾಳವಾಗಿ ಕೇಳಿಕೊಳ್ಳುವುದಿಲ್ಲ. 58ನೆಯ ಅಧ್ಯಾಯದಲ್ಲಿ ರೋಸಮಂಡ್ ಗಂಡನ ಮಾತು ಮೀರಿ ಕುದುರೆ ಸವಾರಿಗೆ ಹೋಗುತ್ತಾಳೆ. ದಿನ ತುಂಬುವ ಮೊದಲೇ ಹುಟ್ಟಿದ ಮಗು ಉಳಿಯುವುದಿಲ್ಲ. ಕಸೂತಿ ಹಾಕಿದ ಪುಟ್ಟ ಉಡುಪುಗಳನ್ನು ಎತ್ತಿಡಲಾಯಿತೆಂಬ ಸಂಗತಿ ಒಂದೆರಡು ವಾಕ್ಯಗಳಲ್ಲಿ ಮುಗಿದು, ಕಥೆ ಆಕೆಯ ಹಟದ ವರ್ಣನೆಗೆ ಸಾಗುತ್ತದೆ. ಮಗುವನ್ನು ಕಳೆದುಕೊಂಡ ಇಪ್ಪತ್ತರ ಆಸುಪಾಸಿನ ತಾಯಿಯ ಒಳಗೆ ಆ ದಿನ ಏನಾಯಿತು? ಕಸಾಬನನ ಒಳಗಿಗೆ ಹೋದ ದೀಪ ಆಕೆಯ ಒಳಗಿಗೆ ಹೋಗುವುದಿಲ್ಲ. ಧರ್ಮಕೇಂದ್ರಗಳಲ್ಲಿ ಮಗುವನ್ನು ಕಳೆದುಕೊಂಡ ಮನೆಗಳಿಗೆ ಹೋಗಿ ಬಂದ ಯಾವ ಯಾಜಕನಿಗಾದರೂ ಈ ಮೌನ ಕಾಡುತ್ತದೆ. 81ನೆಯ ಅಧ್ಯಾಯದಲ್ಲಿ ಡೊರೊಥಿಯಾಳ ಎದುರು ರೋಸಮಂಡ್ ಕರಗಿ ನಿಜವನ್ನು ನುಡಿಯುವುದು ಉಂಟು. ಆದರೆ ಕಾದಂಬರಿಯ ಕೊನೆಯಲ್ಲಿ ಆಕೆ ಮತ್ತೆ ಹಳೆಯ ರೋಸಮಂಡಳೇ. ಲಿಡ್‌ಗೇಟ್ ಐವತ್ತರಲ್ಲಿಯೇ ತೀರಿಕೊಂಡು, ಆಕೆ ಶ್ರೀಮಂತ ವೈದ್ಯನೊಬ್ಬನನ್ನು ಮರುಮದುವೆಯಾಗಿ, ಅದನ್ನು ತನಗೆ ಸಿಕ್ಕ ಪ್ರತಿಫಲವೆಂದು ಹೇಳಿಕೊಳ್ಳುತ್ತಾಳೆ. ಮನುಷ್ಯರು ಅಷ್ಟು ಸುಲಭವಾಗಿ ಬದಲಾಗುವುದಿಲ್ಲ ಎಂಬ ವಾಸ್ತವವಾದ ಇಲ್ಲಿದೆಯೆಂದು ಒಪ್ಪೋಣ. ಆದರೂ ರೋಸಮಂಡಳನ್ನು ಕಾಣುವಾಗ ಲೇಖಕಿಯ ಕೈಯಲ್ಲೂ ಒಂದು ಮೇಣದಬತ್ತಿ ಇತ್ತೆಂದು ನಮಗೆ ಅನಿಸುತ್ತದೆ.

ಎರಡನೆಯ ಕೊರತೆ ದೈವಶಾಸ್ತ್ರದ್ದು. ಎಲಿಯಟ್ ಲೋಕದಲ್ಲಿ ಒಬ್ಬರ ನೋಟವೇ ಇನ್ನೊಬ್ಬರಿಗೆ ಬಿಡುಗಡೆ. ಆ ನೋಟ ಸಿಕ್ಕವರು ಉಳಿಯುತ್ತಾರೆ, ಸಿಗದವರಿಗೆ ಗತಿಯೇನು? ನೋಡುವವರನ್ನು ನೋಡುವವರು ಯಾರು? ಹ್ಯಾರಿಯೆಟ್‌ಗೆ ಅಷ್ಟು ಬಲ ಎಲ್ಲಿಂದ ಬಂತು ಎಂಬ ಪ್ರಶ್ನೆ ಬಂದಾಗ ಲೇಖಕಿಯೂ ಆಕೆಗೆ ತೊಡಿಸುವುದು ಭಕ್ತೆಯ ಉಡುಪನ್ನೇ. ವಿಶ್ವಾಸವನ್ನು ಬಿಟ್ಟರೂ ಅದರ ವಸ್ತ್ರವಿಲ್ಲದೆ ಆ ದೃಶ್ಯವನ್ನು ಬರೆಯಲು ಅವರಿಂದ ಆಗಲಿಲ್ಲ. ಪೌಲರ ವಾಕ್ಯಕ್ಕೆ ಎರಡು ಭಾಗಗಳಿವೆ: ಕನ್ನಡಿಯ ಮಸುಕು ಒಂದು, ನಾವು ಈಗಾಗಲೇ ಪೂರ್ಣವಾಗಿ ಅರಿಯಲ್ಪಟ್ಟಿದ್ದೇವೆ ಎಂಬುದು ಇನ್ನೊಂದು. ಮೊದಲನೆಯ ಭಾಗವನ್ನು ಎಲಿಯಟ್ ನಮಗಿಂತ ಚೆನ್ನಾಗಿ ಅರಿತಿದ್ದರು. ಎರಡನೆಯದನ್ನು ಸಾರುವ ಹೊಣೆ ನಮ್ಮದು. ವಿವಾಹವನ್ನು ಸಂಸ್ಕಾರವೆಂದು ಕರೆಯುವಾಗ ನಾವು ಹೇಳುವುದು ಇದನ್ನೇ: ದಂಪತಿಗಳ ನೋಟ ಸೋತಾಗಲೂ ಅವರ ಮೇಲಿರುವ ದೇವರ ನೋಟ ಸೋಲುವುದಿಲ್ಲ, ಪರಸ್ಪರರನ್ನು ನೋಡುವ ಶಕ್ತಿಯನ್ನು ಅವರು ಪಡೆಯುವುದೂ ಅಲ್ಲಿಂದಲೇ. ಸಂಗಾತಿಯ ಕಣ್ಣಿನಲ್ಲಿ ತನ್ನ ಬೆಲೆಯನ್ನು ಹುಡುಕಬೇಕಾದ ತುರ್ತು ಇಲ್ಲದವರು ಮಾತ್ರ ಸಂಗಾತಿಯ ಮುಖವನ್ನು ಇದ್ದಂತೆ ನೋಡಬಲ್ಲರು.

ಕೇಳುವವನ ಸ್ಥಾನ

ಈ ಓದಿನಿಂದ ನಮ್ಮ ಸೇವೆಗೆ ಏನು ದಕ್ಕಿತು? ಇದೇ ಕಾದಂಬರಿಯಲ್ಲಿ ಇನ್ನೊಬ್ಬ ಯಾಜಕನಿದ್ದಾನೆ: ಫೇರ್‌ಬ್ರದರ್. ಬಡವ, ಖರ್ಚಿಗಾಗಿ ದುಡ್ಡಿಟ್ಟು ಇಸ್ಪೀಟು ಆಡುವವನು, ತನ್ನ ಕರೆಯ ಬಗ್ಗೆ ತನಗೇ ಅನುಮಾನವಿರುವವನು. ಮೇರಿ ಗಾರ್ತ್‌ಳನ್ನು ಆತ ಒಳಗೇ ಪ್ರೀತಿಸುತ್ತಿದ್ದಾನೆ. ಆದರೆ ಮೇರಿಯನ್ನು ಬಯಸುವ ಫ್ರೆಡ್ ವಿನ್ಸಿ ಆತನ ಬಳಿಗೇ ಬಂದು, ತನ್ನ ಪರವಾಗಿ ಆಕೆಯ ಮನಸ್ಸನ್ನು ಕೇಳಿ ಬರಬೇಕೆಂದು ಬೇಡುತ್ತಾನೆ. 52ನೆಯ ಅಧ್ಯಾಯದಲ್ಲಿ ಫೇರ್‌ಬ್ರದರ್ ಹೋಗುತ್ತಾನೆ, ಮಾತನ್ನು ತಿರುಚದೆ ಕೇಳುತ್ತಾನೆ. ಫ್ರೆಡ್ ಯಾಜಕನಾದರೆ ತಾನು ಆತನನ್ನು ಮದುವೆಯಾಗುವುದಿಲ್ಲ, ಆ ವೃತ್ತಿ ಆತನಿಗೆ ಒಗ್ಗದು ಎನ್ನುತ್ತಾಳೆ ಮೇರಿ. ಬೇರೆ ಯೋಗ್ಯ ಕೆಲಸ ಹಿಡಿದರೆ ಬಾಗಿಲು ಮುಚ್ಚಿಲ್ಲ. ಕನ್ನಡಿಯ ಮುಂದೆ ತನ್ನನ್ನು ನೋಡಿ ನಕ್ಕ ಹುಡುಗಿ ಫ್ರೆಡ್‌ನನ್ನೂ ಇದ್ದಂತೆಯೇ ನೋಡುತ್ತಾಳೆ. ಫೇರ್‌ಬ್ರದರ್ ತನ್ನ ಆಸೆಯನ್ನು ಹಿಂದಿಟ್ಟು ಆ ಉತ್ತರವನ್ನು ಒಯ್ಯುತ್ತಾನೆ. ಕಾದಂಬರಿಯ ಸುಖೀ ದಾಂಪತ್ಯವೊಂದು ಉಳಿದದ್ದು, ತನ್ನ ಮೇಣದಬತ್ತಿಯನ್ನು ತಾನೇ ಆರಿಸಿಕೊಂಡ ಈ ಯಾಜಕನಿಂದ.

ನಮ್ಮ ಬಳಿಗೆ ಮೊದಲು ಬಂದವರ ಕಣ್ಣೀರು ನಮ್ಮ ಮೇಣದಬತ್ತಿಯಾಗುತ್ತದೆ. ಆಮೇಲೆ ಇನ್ನೊಬ್ಬರು ಬಂದು ಹೇಳಿದ್ದೆಲ್ಲ ಆ ಬೆಳಕಿನ ವೃತ್ತದಲ್ಲಿ ಸಾಲುಗಟ್ಟಿ ನಿಲ್ಲುತ್ತದೆ. ನಮ್ಮ ತಾಯ್ತಂದೆಯರ ದಾಂಪತ್ಯದ ನೆನಪು, ಊರು, ಜಾತಿ, ಗಂಡಸುತನ, ನಮ್ಮ ಪಾಂಡಿತ್ಯ, ಇವುಗಳೂ ಮೇಣದಬತ್ತಿಗಳೇ. ಆದುದರಿಂದ ಗುರುಮಠದಲ್ಲಿ ವಿವಾಹ ಸಂಸ್ಕಾರದ ಪಾಠವನ್ನು ಕಲಿಸುವಾಗ ನಿಯಮಗಳ ಜೊತೆಗೆ ಒಂದು ಅಭ್ಯಾಸವನ್ನೂ ಕಲಿಸಬೇಕೆಂದು ನಮ್ಮ ಸಲಹೆ: ಒಂದು ಜಗಳವನ್ನು ಕೇಳಿದ ಮೇಲೆ, ಅದನ್ನೇ ಇನ್ನೊಬ್ಬರ ಕಡೆಯಿಂದ, ಅವರು ಒಪ್ಪುವಂತೆ, ಮತ್ತೆ ಹೇಳಲು ಪ್ರಯತ್ನಿಸುವುದು. ಹಾಗೆ ಹೇಳಲು ಬಾರದವರೆಗೆ ತೀರ್ಪನ್ನಾಗಲಿ ಉಪದೇಶವನ್ನಾಗಲಿ ನೀಡದಿರುವುದು.

ವಿಮೋಚನಾಕಾಂಡದ 38ನೆಯ ಅಧ್ಯಾಯದಲ್ಲಿ ಒಂದು ಸಣ್ಣ ವಿವರವಿದೆ. ದೇವದರ್ಶನದ ಗುಡಾರದ ಬಾಗಿಲಲ್ಲಿ ಸೇವೆ ಮಾಡುತ್ತಿದ್ದ ಸ್ತ್ರೀಯರ ಕಂಚಿನ ಕನ್ನಡಿಗಳಿಂದ ಬೆಚಲೇಲನು ನೀರಿನ ಗಂಗಾಳವನ್ನು ಮಾಡಿಸಿದನು. ಯಾಜಕರು ಬಲಿಪೀಠದ ಸೇವೆಗೆ ಹೋಗುವ ಮೊದಲು ಕೈಕಾಲು ತೊಳೆದುಕೊಳ್ಳುತ್ತಿದ್ದುದು ಅದರಲ್ಲಿ. ಆ ಸ್ತ್ರೀಯರು ತಮ್ಮ ಬಿಂಬವನ್ನು ಬಿಟ್ಟುಕೊಟ್ಟದ್ದರಿಂದ ಇತರರು ಶುಚಿಯಾದರು. ದಂಪತಿಗಳ ಮಾತನ್ನು ಕೇಳಲು ಕೂರುವ ಮುನ್ನ ನಾವು ಕೈ ತೊಳೆಯಬೇಕಾದದ್ದೂ ಆ ಗಂಗಾಳದಲ್ಲಿಯೇ.